ಬಲಕ್ಕೆ ತಿರುಗದ ಇಮಾನ

ನವೆಂಬರ್ 4, ಸೋಮವಾರ. ಸಂಜೆ 7

ಪ್ರೈಮರ್ ಒಣಗಿದೆ. ರೆಕ್ಕೆಯ ಬುಡದಲ್ಲಿ ಒಂದು ಕೂದಲು ಅಂಟಿಕೊಂಡಿತ್ತು. ನನ್ನದೇ, ಬಿಳಿಯದು. ಸೂಜಿಯಿಂದ ಎಬ್ಬಿಸಿ ತೆಗೆದೆ, ಮತ್ತೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದೆ. ಗೇಣುದ್ದದ ವಿಮಾನ, ಮೂರು ಸಂಜೆ ನುಂಗಿತು.

ಮಾಡೆಲ್ ಕ್ಲಬ್ಬಿನ ಗ್ರೂಪಿನಲ್ಲಿ ಅಮಿತನ ಮೆಸೇಜು. ಡಿಸೆಂಬರ್ 14, 15 ಮಾಟುಂಗದ ಹಾಲ್‌ನಲ್ಲಿ ಪ್ರದರ್ಶನ. ಸಿನಿಮಾಗಳಲ್ಲಿ ಬಂದ ವಿಮಾನಗಳ ಮಾಡೆಲ್ ಮಾತ್ರ. ಬಣ್ಣ ಅವನ ಚಾರ್ಟಿನ ಪ್ರಕಾರವೇ ಇರಬೇಕಂತೆ. ಸೆಕ್ರೆಟರಿ ಅವನು. ವಯಸ್ಸು ಮೂವತ್ನಾಲ್ಕು. ಚಾರ್ಟು ಬರೆದ ಮೇಲಂತೂ ಕಾಲು ನೆಲದ ಮೇಲಿಲ್ಲ. ನನ್ನನ್ನು ಆಂಟಿ ಅನ್ನುತ್ತಾನೆ. ಹದಿನೆಂಟು ಗಂಡಸರ ನಡುವೆ ನಾನೊಬ್ಬಳೇ ಆಂಟಿ.

1974ರ ಆ ಯುದ್ಧದ ಸಿನಿಮಾಕ್ಕೆ ಅವನ ಚಾರ್ಟಿನಲ್ಲಿ ಎರಡು ವಿಮಾನ. ಹೀರೋನದು ನೀಲಿ, ಶತ್ರುವಿನದು ಹಸಿರು. ಎರಡನ್ನೂ ತಾನೇ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ.

ಎರಡಲ್ಲ. ಒಂದೇ. ಎಡಮಗ್ಗುಲು ನೀಲಿ, ಬಲಮಗ್ಗುಲು ಹಸಿರು. ಬಣ್ಣ ಬಳಿದವರು ನಮ್ಮ ಅಬ್ಬಾ. ಈಗಲೂ ಇಲ್ಲೇ, ನನ್ನ ಎದುರು ಕೂತು ಚಹಾಕ್ಕೆ ಟೋಸ್ಟ್ ಅದ್ದುತ್ತಿದ್ದಾರೆ.

ನವೆಂಬರ್ 7, ಗುರುವಾರ

ಅಬ್ಬಾನಿಂದ ಮತ್ತೊಮ್ಮೆ ಪೂರ್ತಿ ಹೇಳಿಸಿ ಬರೆದುಕೊಂಡೆ. ಅವರ ಮಾತಿನಲ್ಲೇ ಇರಲಿ —

"ಸ್ಟುಡಿಯೋದಾಗ ಇದ್ದದ್ದ ಒಂದು ಇಮಾನ, ಬೇಟಾ. ಕಟಗಿ, ತಗಡ, ಕೆಳಗ ಗಾಲಿ. ಕ್ಯಾಮೆರಾಕ್ಕ ಕಾಣೂದು ಒಂದ ಮಗ್ಗಲ, ಇನ್ನೊಂದ ಇಮಾನಕ್ಕ ರೊಕ್ಕ ಯಾಕ ಕೆಡಸ್ಬೇಕು? ಮುಂಜಾನಿ ಈ ಕಡಿಂದ ತಗದ್ರ ಹೀರೋಂದು. ಊಟ ಆದಮ್ಯಾಲ ಆ ಕಡಿಂದ ತಗದ್ರ ದುಶ್ಮನಂದು. ತನಗ ತಾನ ಗುಂಡ ಹೊಡಕೊಂಡು ತಾನ ಬೀಳತಿತ್ತು ನೋಡು!"

ಹೇಳಿ ಹೇಳಿ ನಕ್ಕರು. ಎಪ್ಪತ್ತಾರು ವರ್ಷ, ಹಲ್ಲು ನಾಲ್ಕೇ.

ಸಿಂದಗಿಯಿಂದ ಬ್ರಷ್ ಹಿಡಿದು ಬಂದ ಹುಡುಗ ಆಗ. ಸಿನಿಮಾದ ಟೈಟಲ್ಲಿನಲ್ಲಿ ಅದರಲ್ಲಿ ನಟಿಸಿದ ನಾಯಿಯ ಹೆಸರೂ ಇದೆ, ಅಬ್ಬಾನ ಹೆಸರಿಲ್ಲ. ಚಾಳಿನಲ್ಲಿ ಯಾರೂ ನಂಬಲಿಲ್ಲ. ಏರೋಪ್ಲೇನ್ ಸರ್ದಾರ ಅಂತ ಅಡ್ಡಹೆಸರಿಟ್ಟರು. ಚಿಕ್ಕವಳಿದ್ದಾಗ ನಾನೂ ಚಾಳಿನವರ ಜೊತೆ ಸೇರಿ ನಕ್ಕಿದ್ದೇನೆ. ಅದು ಈಗಲೂ ಚುಚ್ಚುತ್ತದೆ.

ಫೋನಿನಲ್ಲಿ ಆ ಸಿನಿಮಾ ನಾಲ್ಕು ಸಲ ನೋಡಿದೆ. ವಿಮಾನ ಕಾಣುವ ಶಾಟ್ ನಲವತ್ತೊಂದು. ನೀಲಿಯ ಮೂತಿ ಯಾವಾಗಲೂ ಎಡಕ್ಕೆ. ಹಸಿರಿನದು ಯಾವಾಗಲೂ ಬಲಕ್ಕೆ. ಎರಡೂ ಒಂದೇ ಶಾಟಿನಲ್ಲಿ ಒಮ್ಮೆಯೂ ಇಲ್ಲ. ಇನ್ನೇನು ಬೇಕು?

ಮಾಡೆಲ್ ಮುಂದೆ ಒಂದು ಚೀಟಿ ಇಡುತ್ತೇನೆ. "ಬಣ್ಣ: ಸರ್ದಾರ ಪೇಂಟರ್, ಸಿಂದಗಿ." ನನಗೆ ಬೇಕಾದ್ದು ಅಷ್ಟೇ. ಬಹುಮಾನ ಅವರೇ ಇಟ್ಟುಕೊಳ್ಳಲಿ.

ನವೆಂಬರ್ 10, ಭಾನುವಾರ

ಹಸಿರು ಕೂಡಿಬರುತ್ತಿಲ್ಲ. ಯಾವ ಹಸಿರು ಅಬ್ಬಾ ಅಂದರೆ, "ಪುಂಡಿಪಲ್ಲೆ. ಹಸೀದಲ್ಲ ಮತ್ತ. ಕುದ್ದದ್ದು." ಅಷ್ಟೇ ಉತ್ತರ.

ಪಾರ್ಲೆ ಮಾರ್ಕೆಟ್ಟಿಗೆ ಹೋಗಿ ಅಂಬಾಡಿ ಸೊಪ್ಪು ಅಂತ ಕೇಳಿ ಎರಡು ಕಟ್ಟು ತಂದೆ. ಇಲ್ಲಿ ಪುಂಡಿ ಅಂದರೆ ಯಾರಿಗೆ ಗೊತ್ತು. ಕುದಿಸಿದೆ. ಸೊಪ್ಪಿನ ಹಸಿರು ಸತ್ತು ಕಂದಿತು. ಒಂದು ಎಲೆ ಬಿಳಿ ತಟ್ಟೆಯ ಮೇಲಿಟ್ಟು ಪಕ್ಕದಲ್ಲೇ ಬಣ್ಣ ಕಲಸಿದೆ. ಹಸಿರು, ಕಂದು, ಒಂದು ತೊಟ್ಟು ಹಳದಿ. ಐದನೇ ಸಲಕ್ಕೆ ಅಬ್ಬಾ ಬಗ್ಗಿ ನೋಡಿ, "ಹಾಂ, ಇದ ನೋಡು ದುಶ್ಮನ್" ಅಂದರು.

ಉಳಿದದ್ದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿ ಜೊತೆ ಉಂಡೆವು.

ನವೆಂಬರ್ 13, ಬುಧವಾರ

ವಿಮಾನ ಒಂದೇ, ಬಣ್ಣ ಅಬ್ಬಾನದು, ಅವರ ಹೆಸರಿನ ಚೀಟಿ ಇಡುತ್ತೇನೆ ಅಂತ ನಿನ್ನೆ ಗ್ರೂಪಿನಲ್ಲಿ ಬರೆದಿದ್ದೆ. ಇವತ್ತು ಅಮಿತನ ಫೋನು, ಹೊಲಿಗೆ ಅಂಗಡಿಯಲ್ಲಿದ್ದಾಗ. ಮೊದಲು ಒಂದು ಫೋಟೋ ಕಳಿಸಿದ, ಆಮೇಲೆ ಕರೆ.

"ಆಂಟಿ, ಫ್ರೇಮ್ ನೋಡಿದ್ರಾ? ನೀಲಿ ಪ್ಲೇನ್, ಮೂತಿ ರೈಟ್ ಸೈಡ್. ನನ್ನ ಹತ್ರ ಲಾಂಗ್ ಪ್ರಿಂಟ್ ಇದೆ ನಾ, ನಿಮ್ಮ ಫೋನ್‌ನಲ್ಲಿ ಈ ಸೀನ್ ಕಟ್ ಆಗಿದೆ. ಮತ್ಲಬ್ ಎರಡೂ ಸೈಡ್ ನೀಲಿ. ಫಾದರ್‌ಗೆ ಏಜ್ ಆಯ್ತು, ಕನ್‌ಫ್ಯೂಸ್ ಆಗಿರ್ತಾರೆ. ಕೋಯೀ ಬಾತ್ ನಹೀ."

ಕೋಯೀ ಬಾತ್ ನಹೀ, ಪರವಾಗಿಲ್ಲ ಅಂತೆ! ನಿನ್ನ ತಲೆ.

ಆದರೆ ಫೋಟೋ ನಿಜ. ಹೀರೋ ಖಾಕಿ ಅಂಗಿ ತೊಟ್ಟು ವಿಮಾನಕ್ಕೆ ಕೈ ಊರಿ ನಿಂತಿದ್ದಾನೆ. ಹಿಂದೆ ನೀಲಿ. ಮೂತಿ ಬಲಕ್ಕೆ. ಹತ್ತು ಸಲ ದೊಡ್ಡದು ಮಾಡಿ ನೋಡಿದೆ. ನೀಲಿಯೇ.

ನವೆಂಬರ್ 14, ಗುರುವಾರ

ಕೇಳಬಾರದಿತ್ತು. ಕೇಳಿದೆ. ಊಟಕ್ಕೆ ಕೂತಾಗಲೇ ಕೇಳಿದೆ. "ಅಬ್ಬಾ, ನಿಮಗೆ ಸರಿಯಾಗಿ ನೆನಪಿದೆಯಾ? ಬೇರೆ ಯಾವುದೋ ಸಿನಿಮಾದ್ದು ಇರಬಹುದಾ?"

ಫೋಟೋ ತೋರಿಸಿದೆ. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು.

"ಹಂಗಾರ ನಾ ಸುಳ್ಳ ಹೇಳಾಕತ್ತೀನಿ. ಐವತ್ತ ವರ್ಷದಿಂದ."

ಎದ್ದು ಹೋಗಿ ಮಲಗಿದರು.

ನವೆಂಬರ್ 21, ಗುರುವಾರ

ಒಂದು ವಾರ. ಚಹಾ ಕೊಟ್ಟರೆ ಕುಡಿಯುತ್ತಾರೆ. ಔಷಧ ಕೊಟ್ಟರೆ ನುಂಗುತ್ತಾರೆ. ಮಾತಿಲ್ಲ. "ನಕ್ಕೋ", ಬೇಡ, ಅಂತ ಒಂದೇ ಒಂದು ಸಲ ಅಂದರು, ಅದೂ ಮಜ್ಜಿಗೆಗೆ.

ನಿನ್ನೆ ಬಲಮಗ್ಗುಲಿಗೂ ನೀಲಿ ಹೊಡೆದುಬಿಟ್ಟೆ. ಚಾರ್ಟಿನಲ್ಲಿ ಇದ್ದ ಹಾಗೆ. ಅಬ್ಬಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಆದರೆ ಬಣ್ಣದ ವಾಸನೆ ಬಂದಿರುತ್ತದೆ.

ಹೇಡಿ ನಾನು. ಥೂ.

ನವೆಂಬರ್ 26, ಮಂಗಳವಾರ

ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ. ಸಂತೋಷಕ್ಕೆ.

ನಮ್ಮ ಅಂಗಡಿಯಲ್ಲಿ ಏರ್‌ಪೋರ್ಟಿನ ಸಿಬ್ಬಂದಿಗೆ ಯೂನಿಫಾರ್ಮ್ ಹೊಲಿಯುತ್ತೇವೆ. ಪಕ್ಕದ ಮಶೀನಿನ ರಂಜನಾ ಇವತ್ತು ಬೆಳಿಗ್ಗೆಯಿಂದ ಗಂಡನ ಜೊತೆ ಫೋನಿನಲ್ಲಿ ಜಗಳವಾಡುತ್ತ ಹೊಲಿಯುತ್ತಿದ್ದಳು. ಗಂಡಸರ ಎಂಟು ಅಂಗಿಗೆ ಕಾಜಾದ ತೂತು ಬಲಗಡೆ ಹಾಕಿ, ಗುಂಡಿ ಎಡಗಡೆ ಹಚ್ಚಿದ್ದಾಳೆ. ಗಂಡಸರದು ಕಾಜಾ ಎಡಕ್ಕೆ, ಗುಂಡಿ ಬಲಕ್ಕೆ. ಹೆಂಗಸರದು ಉಲ್ಟಾ. ಮೊದಲ ದಿನ ಕಲಿಯುವ ಪಾಠ ಅದು.

"ಏನ್ ರಂಜನಾ, ಗಂಡಸರಿಗೆ ಹೆಂಗಸರ ಅಂಗಿ ತೊಡಿಸ್ತೀಯಾ?" ಅಂದೆ.

"ತೊಡ್ಲಿ ಬಿಡ್ರಿ ಅಕ್ಕಾ, ಒಂದಿನಾ. ಆಗ ಬುದ್ಧಿ ಬರ್ತದ ಅವಕ್ಕ" ಅಂದಳು, ಗಂಡನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಬಿಚ್ಚಲು ಬ್ಲೇಡ್ ಎತ್ತಿಕೊಂಡೆ. ಅಲ್ಲೇ ನಿಂತೆ. ಖಾಕಿ ಅಂಗಿ!

ಫೋನು ತೆಗೆದೆ. ಅಮಿತ ಕಳಿಸಿದ ಫೋಟೋ. ಇಷ್ಟು ದಿನ ನೋಡಿದ್ದು ವಿಮಾನವನ್ನು. ಈಗ ಹೀರೋನ ಎದೆ ದೊಡ್ಡದು ಮಾಡಿದೆ. ಎರಡೂ ಕಡೆ ಜೇಬು, ಹಾಗಾಗಿ ಜೇಬಿನಿಂದ ತಿಳಿಯದು. ಆದರೆ ಕಾಜಾ ಬಲಗಡೆ! ಗುಂಡಿ ಎಡಗಡೆ! ಮಿಕ್ಕ ಎಲ್ಲ ಶಾಟಿನಲ್ಲೂ ಅದೇ ಅಂಗಿ ಸರಿಯಾಗಿದೆ. ಹೀರೋ ಒಂದೇ ಸೀನಿಗೆ ಹೆಂಗಸರ ಅಂಗಿ ತೊಟ್ಟನೇ? ಆ ಶಾಟನ್ನೇ ಎಡಿಟಿಂಗಿನಲ್ಲಿ ತಿರುವಿ ಹಾಕಿದ್ದಾರೆ. ಕನ್ನಡಿಯಲ್ಲಿ ಕಂಡಂತೆ. ನಿಜದಲ್ಲಿ ಮೂತಿ ಎಡಕ್ಕೇ ಇತ್ತು.

ರಂಜನಾಳನ್ನು ತಬ್ಬಿಕೊಂಡೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಎಂಟೂ ಅಂಗಿ ನಾನೇ ಬಿಚ್ಚಿಕೊಟ್ಟೆ.

ಮನೆಗೆ ಓಡಿ ಬಂದು ಅಬ್ಬಾನಿಗೆ ತೋರಿಸಿದೆ. ಬಡಬಡ ಎಲ್ಲ ಹೇಳಿದೆ. ಫೋಟೋ ದೂರ ಹಿಡಿದು ನೋಡಿದರು. ಆಮೇಲೆ —

"ಅಂಗೀ ಮಾತ ನಂಬಿದಿ, ಮುಬೀನಾ. ಅಪ್ಪನ ಮಾತ ನಂಬಲಿಲ್ಲ."

ಕಾಲು ಹಿಡಿದೆ. ಅತ್ತೆ. ಅಬ್ಬಾ ಬ್ರಷ್ ಎತ್ತಿಕೊಂಡು, "ಥಿನ್ನರ್ ಎಲ್ಲೈತಿ? ಆ ನೀಲಿ ಮದಲ ತಗಿ" ಅಂದರು.

ಡಿಸೆಂಬರ್ 1, ಭಾನುವಾರ

ನೀಲಿ ಹೋಯಿತು, ಪುಂಡಿಪಲ್ಲೆ ಬಂತು. ವಿಮಾನದ ಹೊಟ್ಟೆಯ ಕೆಳಗೆ ಎರಡು ಬಣ್ಣ ಕೂಡುವಲ್ಲಿ ಗೆರೆ ಸೊಟ್ಟಗಿರಬೇಕಂತೆ. ನಾನು ಟೇಪ್ ಹಚ್ಚಿ ನೀಟಾಗಿ ಎಳೆದಿದ್ದೆ. ಅಬ್ಬಾನಿಗೆ ನಗು. "ಅಲ್ಲಿ ಯಾರ ನೋಡತಿದ್ರು? ಅಂಗಾತ ಮಕ್ಕೊಂಡು ಹಚ್ಚೀನಿ, ಕಣ್ಣಾಗ ಬಣ್ಣ ಬೀಳತಿತ್ತು." ಸೊಟ್ಟ ಮಾಡಿದೆ. ಸೊಟ್ಟ ಮಾಡುವುದೇ ಕಷ್ಟ ನೋಡಿ.

ಅಮಿತನಿಗೆ ಅಂಗಿಯ ವಿಷಯ ಫೋನಿನಲ್ಲಿ ಹೇಳಿದೆ.

"ಇಂಟ್ರೆಸ್ಟಿಂಗ್ ಆಂಟಿ. ಓಕೆ, ಮಾಡೆಲ್ ಇಡಿ. ನೀಲಿ ಸೈಡ್ ಮುಂದೆ, ಹಸಿರು ಗೋಡೆ ಕಡೆ. ಪಬ್ಲಿಕ್ ಕನ್‌ಫ್ಯೂಸ್ ಆಗುತ್ತೆ. ಮತ್ತೆ ಆ ಫಾದರ್ ನೇಮ್ ಚೀಟಿ ನಕೋ. ಶಾಟ್ ಉಲ್ಟಾ ಇರಬಹುದು, ಬಟ್ ಪೇಂಟ್ ಅವರೇ ಮಾಡಿದ್ದು ಅಂತ ಪ್ರೂಫ್ ಎಲ್ಲಿ?"

"ನಿನ್ನ ಚಾರ್ಟು ನೀನೇ ಬರೆದದ್ದಕ್ಕೆ ಪ್ರೂಫ್ ಏನಪ್ಪಾ?"

"ನನ್ನ ನೇಮ್ ಇದೆಯಲ್ಲ ಅದರ ಮೇಲೆ."

"ಹಾಗಾದರೆ ಚೀಟಿ ಮೇಲೂ ಹೆಸರಿದೆ. ಇಡುತ್ತೇನೆ."

ಕಟ್ ಮಾಡಿದೆ. ಹಿತವಾಯಿತು.

ಡಿಸೆಂಬರ್ 14, ಶನಿವಾರ. ಸಂಜೆ

ಎಲ್ಲಿಂದ ಶುರು ಮಾಡಲಿ.

ಹಾಲ್‌ನಲ್ಲಿ ನನಗೆ ಕೊಟ್ಟದ್ದು ಮೂಲೆಯ ಟೇಬಲ್, ಗೋಡೆಗೆ ಒತ್ತಿ. ಅಬ್ಬಾ ಒಂದು ಕಡೆ, ನಾನೊಂದು ಕಡೆ ಹಿಡಿದು ನಡುವಿಗೆ ಎಳೆದೆವು. ನೆಲಕ್ಕೆ ಉಜ್ಜಿ ಆ ಸದ್ದು! ಎಲ್ಲರೂ ತಿರುಗಿದರು. ತಿರುಗಲಿ. ಸುತ್ತಿ ಬಂದರೆ ಮಾತ್ರ ಪೂರ್ತಿ ಕಾಣುವ ವಿಮಾನ ಇದು. ಚೀಟಿ ಇಟ್ಟೆ.

ಹನ್ನೊಂದಕ್ಕೆ ಇಡ್ಲಿ ತರಲು ಹೊರಗೆ ಹೋದೆ. ಬಂದಾಗ ಚೀಟಿ ಇಲ್ಲ. ಅಮಿತನ ಶರ್ಟಿನ ಜೇಬಿನಿಂದ ಅದರ ಮೂಲೆ ಕಾಣುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಬ್ಬಾ ಕೈ ಎತ್ತಿದರು.

"ಇರ್ಲಿ ಬಿಡು ಬೇಟಾ. ಚೀಟಿ ಯಾಕ ಬೇಕು, ಮನಷ್ಯಾನ ಇಲ್ಲಿ ಅದಾನಲ್ಲ."

ಟೇಬಲ್ಲಿನ ಪಕ್ಕ ನಿಂತರು. ಕುರ್ಚಿ ಕೊಟ್ಟರೆ ಬೇಡ ಅಂದರು. ಬಂದವರಿಗೆಲ್ಲ ಅದೇ ಮಾತು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಹಿಂದಿಯಲ್ಲಿ. "ನಾ ಸರ್ದಾರ ಪೇಂಟರ್. ಸಿಂದಗಿಯಂವ. ಈ ಬಣ್ಣ ನಂದು. ಸುತ್ತ ಹಾಕಿ ಬರ್ರಿ, ಆಮ್ಯಾಲ ಕೇಳ್ರಿ." ಸುತ್ತು ಹಾಕಿ ಬಂದವರು ನಗುತ್ತಿದ್ದರು. ಅಬ್ಬಾನನ್ನು ನೋಡಿ ಅಲ್ಲ, ಅಬ್ಬಾನ ಜೊತೆ. ಅರವತ್ತು ದಾಟಿದ ಒಬ್ಬ ಹೆಂಗಸು ಅಂದಳು, "ಅಯ್ಯೋ, ಆ ಹಸಿರು ವಿಮಾನ ಬಿದ್ದಾಗ ನಾನು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ! ಅದು ಹೀರೋದೇ ಆಗಿತ್ತಾ?" ಅಬ್ಬಾ ಸಲಾಮು ಮಾಡಿದರು. ಐದು ಗಂಟೆ ನಿಂತರು. ನನಗೆ ಅಳು, ಹೆಮ್ಮೆ, ಎರಡೂ ಒಟ್ಟಿಗೆ. ಆ ಐದು ಗಂಟೆ ಅಬ್ಬಾನನ್ನು ಯಾರೂ ಸುಳ್ಳ ಅನ್ನಲಿಲ್ಲ.

ಮುಚ್ಚುವ ಹೊತ್ತಿಗೆ ಅಮಿತ ಬಂದ. ಮೆಲ್ಲಗೆ, "ಅಂಕಲ್, ನಂದೂ ನೋಡ್ತೀರಾ?" ಗಾಜಿನ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದ. ಅಬ್ಬಾ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಕೈ ಛಲೋ ಅದ ತಮ್ಮಾ ನಿಂದು. ಸುಳ್ಳ ಹೇಳಂಗಿಲ್ಲ. ಆದ್ರ ಒಂದ ಇಮಾನ ಹೆಚ್ಚಾಗೇತಿ."

ಅಮಿತನ ಕಿವಿ ಕೆಂಪಾದವು. ಚೀಟಿ ಮಾತ್ರ ವಾಪಸು ಕೊಡಲಿಲ್ಲ.

ಡಿಸೆಂಬರ್ 15, ಭಾನುವಾರ. ಬೆಳಿಗ್ಗೆ 7.10

ಗ್ರೂಪಿನಲ್ಲಿ ಅಮಿತನ ಮೆಸೇಜು. ಇವತ್ತಿನಿಂದ ಮೆಂಬರ್ ಅಲ್ಲದವರು ಟೇಬಲ್ ಪಕ್ಕ ನಿಂತು ವಿವರಿಸುವಂತಿಲ್ಲ. ವಿಸಿಟರ್ ಲೈನಿನಲ್ಲೇ ಬರಬೇಕು. ಅಬ್ಬಾನ ಹೆಸರು ಹಾಕಿಲ್ಲ. ಹಾಕುವ ಧೈರ್ಯ ಎಲ್ಲಿದೆ.

ಅಬ್ಬಾನಿಗೆ ಓದಿ ಹೇಳಿದೆ. ಇಸ್ತ್ರಿ ಅಂಗಿ ತೊಟ್ಟು ಬೂಟಿನ ಲೇಸು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಲೈನಿನ್ಯಾಗ ಬಾ ಅಂದಾರಿಲ್ಲೋ? ಬರ್ತೀನಿ. ನಮ್ಮ ಇಮಾನದ ಮುಂದ ಬಂದಾಗ ನೋಡ್ಕೋತ ನಿಂದರ್ತೀನಿ. ಎಷ್ಟೊತ್ತ ನೋಡಬೇಕು ಅಂತ ಬರದಾರೇನು?"

ಮತ್ತೆ ಓದಿದೆ. ಎಲ್ಲೂ ಬರೆದಿಲ್ಲ!

"ಯಾರರ ಕೇಳಿದ್ರ ಹೇಳದ ಇರಾಕ ಆಗತೈತೇನು?" ಅಂದರು. ಎದ್ದರು. ಮೆಟ್ಟಿಲು ಇಳಿಯುತ್ತಿರುವ ಸದ್ದು. ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾರೆ, ಲೈನಿನಲ್ಲಿ ಮೊದಲು ನಾವೇ ಇರಬೇಕು. ಸಂಜೆಯವರೆಗೆ ನೋಡುವುದಿದೆ, ಎರಡು ಡಬ್ಬಿ ರೊಟ್ಟಿ ಕಟ್ಟಿದ್ದೇನೆ. ಅಮಿತ ತಡೆದರೆ, ತಡೆಯಲಿ, ಅಲ್ಲಿ ನಾನು ಎಲ್ಲರ ಮುಂದೆ ಅವನ ಜೇಬಿಗೆ ಕೈ

ಕೆಳಗಿನಿಂದ ಕೂಗುತ್ತಿದ್ದಾರೆ. "ಮುಬೀನಾ! ಲೋಕಲ್ ಗಾಡಿ ತಪ್ಪತೈತಿ, ಬರಿಯೂದ ಸಾಕ ಮಾಡು—"