ಒಗ್ದೋಳ ಲೋಲಾಕು

ಜುಲೈ 9
ಕರಗಿಸಿ ಚಹಾ ಕಾಸಲು ಮಂಜುಗಡ್ಡೆ ತರೋಣವೆಂದು ನೆಲಮಾಳಿಗೆಗೆ ಇಳಿದೆ. ಪಾದ ಮುಳುಗುವಷ್ಟು ನೀರು. ಅಮ್ಮನ ಕಾಲದಲ್ಲಿ ಈ ನೆಲ ಬೇಸಿಗೆಯಲ್ಲೂ ಕಲ್ಲಿನಂತೆ ಹೆಪ್ಪುಗಟ್ಟಿರುತ್ತಿತ್ತು. ಕೆರೆಯಿಂದ ಕೊಯ್ದು ತಂದ ಗಡ್ಡೆ ವರ್ಷವಿಡೀ ಬರುತ್ತಿತ್ತು. ಆ ಚಹಾದ ರುಚಿ… ನಲ್ಲಿ ನೀರಿಗೆ ಎಲ್ಲಿಂದ ಬರಬೇಕು. ಕುದುರೆ ಮಾಂಸವೂ ಹಳಸಿದೆ. ತುಯಾರಾ ಮೂಗು ಮುಚ್ಚಿಕೊಂಡು ಹೊರಗೋಡಿದಳು. ಬಸುರಿ ಮಗಳು. ಗಂಡ ವಜ್ರದ ಗಣಿಗೆ ಹೋಗಿದ್ದಾನೆ, ಇವಳು ನನ್ನ ಜೊತೆ.

"ಫ್ರಿಜ್ ತಗೋ ಅಂತ ಎಷ್ಟು ಸಲ ಹೇಳ್ಲಮ್ಮ?"

"ನೆಲಾನೇ ಫ್ರಿಜ್ ಆಗಿದ್ದ ಊರು ಕಣೇ ಇದು."

ಜುಲೈ 14
ಹಳೆಯ ಗೋರಿಗಳ ಕಡೆ ನದಿಯ ದಂಡೆ ಕುಸಿದಿದೆ. ಗೆಳತಿ ಮಾತ್ರಿಯೋನಾ ಸಂಜೆ ಏದುಸಿರು ಬಿಡುತ್ತ ಬಂದಳು. "ಹೆಣದ ಪೆಟ್ಟಿಗೆ ಕಾಣ್ತಿದೆ ಕಣೇ. ನಿಮ್ಮ ಒಗ್ದೋಳದೇ ಇರ್ಬೇಕು."

ಒಗ್ದೋ ನಮ್ಮಜ್ಜಿಯ ಅಕ್ಕ. ಸಿಡುಬಿನಲ್ಲಿ ಹೋದ ಹುಡುಗಿ. ಅಜ್ಜಿ ಆ ರೋಗದ ಹೆಸರೆತ್ತುತ್ತಿರಲಿಲ್ಲ, 'ಆ ಹೆಂಗಸು ಬಂದಿದ್ದಳು' ಎನ್ನುತ್ತಿದ್ದಳು. ಹೆಸರು ಹೇಳಿದರೆ ಕರೆದಂತೆ. ಒಂದು ಜೊತೆ ಬೆಳ್ಳಿ ಲೋಲಾಕಿನಲ್ಲಿ ಒಂದನ್ನು ಅಕ್ಕನ ಕಿವಿಯಲ್ಲೇ ಬಿಟ್ಟು ಮಣ್ಣು ಮಾಡಿದರು. ಇನ್ನೊಂದನ್ನು ಅಜ್ಜಿ ಸಾಯುವ ತನಕ ಒಂದೇ ಕಿವಿಗೆ ಹಾಕಿಕೊಂಡಳು. ಈಗ ನನ್ನಲ್ಲಿದೆ. ತುಯಾರಾಳನ್ನು ಈ ಕಥೆ ಹೇಳಿ ಹೇಳಿ ಮಲಗಿಸಿದವಳು ನಾನೇ.

ಯಾಕುತ್ಸ್ಕ್ ಪಟ್ಟಣದ ಡಾಕ್ಟರಿಗೆ ಫೋನ್ ಮಾಡಿದೆವು. "ಸಿಡುಬಿನ ರೋಗಾಣು ಇಷ್ಟು ವರ್ಷ ಉಳಿದಿರೋದು ಅನುಮಾನ. ಆದ್ರೂ ನೆಲ ಕರಗ್ತಿರೋವಾಗ ಯಾವುದು ಸತ್ತಿದೆ, ಯಾವುದು ಮಲಗಿದೆ ಹೇಳೋಕಾಗಲ್ಲ. ಬಸುರೀರು, ಮಕ್ಕಳು ಆ ಕಡೆ ಹೋಗ್ಬಾರ್ದು. ನಾವು ಬರ್ತೀವಿ, ಯಾರೂ ಮುಟ್ಬೇಡಿ."

ಜುಲೈ 15
ಡಾಕ್ಟರು ಬರುವುದರೊಳಗೆ ಪೆಟ್ಟಿಗೆಯನ್ನು ನದಿ ಒಯ್ಯುತ್ತದೆ. ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಕಲೆ ತೋಳಲ್ಲಿದ್ದವರೇ ಹೋಗಿ ಮೇಲೆಲ್ಲಾದರೂ ಹೂಳುವುದೆಂದಾಯಿತು. ಮುದುಕಿಯರೆಲ್ಲ ಅಂಗಿಯ ತೋಳು ಮಡಚಿ ತೋರಿಸಿದೆವು. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಹಾಕಿದ್ದು, ಮಾತ್ರಿಯೋನಾ ಬೆಂಚಿನಡಿ ಅಡಗಿದ್ದು… ಎಷ್ಟು ನಕ್ಕೆವು. ಮಕ್ಕಳ ಕಾಲಕ್ಕೆ ಅದು ನಿಂತುಹೋಯಿತು. ತುಯಾರಾಳ ತೋಳು ನುಣ್ಣಗಿದೆ.

ಹೋಗಿ ನೋಡಿದರೆ ಪೆಟ್ಟಿಗೆಯ ಮುಚ್ಚಳ ಒಡೆದಿತ್ತು. ಜಡೆ ಕಂಡಿತು — ಕಪ್ಪಗೆ, ನಿನ್ನೆ ಹೆಣೆದ ಹಾಗೆ. ಅತ್ತುಬಿಟ್ಟೆ. ಲೋಲಾಕು ಮಾತ್ರ ಇರಲಿಲ್ಲ. ನದಿಪಾಲಾಗಿರಬೇಕು. ಪೆಟ್ಟಿಗೆಯನ್ನು ಎತ್ತರದಲ್ಲಿ ಹೂಳಿ ಬಂದೆವು.

ಜುಲೈ 16
ನನ್ನ ಹುಟ್ಟುಹಬ್ಬ. ಕಣ್ಣು ಮುಚ್ಚು ಎಂದಳು ತುಯಾರಾ. ತೆರೆದರೆ ಅವಳ ಅಂಗೈಯಲ್ಲಿ ಲೋಲಾಕು.

"ಗೋರಿಯಿಂದ ತೆಗೀಬಾರ್ದು ಅಂತ ನಂಗೂ ಗೊತ್ತಮ್ಮ. ಇದು ಕೆಳಗೆ ಮರಳಲ್ಲಿ ಬಿದ್ದಿತ್ತು. ನಮ್ದೇ ಅಲ್ವಾ?"

"ಯಾವಾಗ ಹೋಗಿದ್ದೆ?"

"ದಂಡೆ ಕುಸಿದ ದಿನ ಬೆಳಿಗ್ಗೆ. ಚೆನ್ನಾಗಿ ಉಜ್ಜಿ ತೊಳೆದಿದೀನಿ. ಕಿವಿಗೂ ಹಾಕ್ಕೊಂಡು ನೋಡ್ದೆ."

ಜೀವಮಾನವೆಲ್ಲ ನೋಡಬೇಕೆಂದಿದ್ದ ಜೋಡಿ. ಸಂತೋಷಪಡಲು ಆಗಲಿಲ್ಲ. ಹೆದರಿಕೆ, ಬರೀ ಹೆದರಿಕೆ.

ಜುಲೈ 17
ಎರಡನ್ನೂ ಒಗ್ದೋಳ ಹೊಸ ಗೋರಿಗೆ ಹಾಕಿ ಬಂದೆ. ಅಜ್ಜಿಯದನ್ನು ಬಿಡಲು ಮೊದಲು ಕೈ ಬರಲಿಲ್ಲ. ಆದರೆ ಒಂಟಿಯಾಗಿ ಉಳಿಸಿಕೊಂಡರೆ ಇನ್ಯಾರೋ ಜೋಡಿ ಹುಡುಕಿಕೊಂಡು ಹೋಗುತ್ತಾರೆ. ಡಾಕ್ಟರಿಗೆ ಎಲ್ಲ ಹೇಳಿದೆ. ಮನೆ ಬಿಟ್ಟು ಹೊರಡಬೇಡಿ, ಜ್ವರ ಬಂದರೆ ತಕ್ಷಣ ತಿಳಿಸಿ ಎಂದರು.

ಜುಲೈ 26
ದಿನಾ ಬೆಳಿಗ್ಗೆ ಅವಳ ಹಣೆ ಮುಟ್ಟಿ ನೋಡುವುದೇ ಕೆಲಸ.

"ನಾನೇನು ನಿನ್ನ ನೆಲಮಾಳಿಗೆನಾ? ತಣ್ಣಗಿದೀನಾ ಅಂತ ದಿನಾ ನೋಡೋಕೆ?"

ನಗು ಬಂತು. ತಣ್ಣಗಿದ್ದಾಳೆ.

ಜುಲೈ 27
ಇವತ್ತು ಹಣೆ ಬಿಸಿ. ಒಲೆಯ ಮುಂದೆ ಕೂತಿದ್ದಾಳಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಚಹಾಕ್ಕಿಡಲು ತಿರುಗಿದೆ. ಒಲೆ ಇನ್ನೂ ಹೊತ್ತಿಸಿಯೇ ಇರಲಿಲ್ಲ —