ಹುಳು ಮನೆಯ ಪಕ್ಕದ ಗೋಂದಿನ ಶೆಡ್ಡು

ಗೌರಿಬಿದನೂರು ಬಸ್ ಸ್ಟ್ಯಾಂಡು
ಜನವರಿ 2006, ಮಂಗಳವಾರ ಮಧ್ಯಾಹ್ನ

ದೊಡ್ಡಮ್ಮ ಅಕ್ಕಯ್ಯಮ್ಮನವರಿಗೆ, ಗೋಡೆಯಾಚೆಯ ಜ್ಯೋತಿಲಕ್ಷ್ಮಿ ಮಾಡುವ ನಮಸ್ಕಾರಗಳು.

ಒಂದೇ ಗೋಡೆಯ ಆಚೆ ಈಚೆ ಇರುವವರು ಕಾಗದ ಬರೆಯುವುದೇನು ಎಂದು ನೀವು ಕೇಳುತ್ತೀರಿ. ಎದುರಿಗೆ ನಿಂತು ಹೇಳಬೇಕೆಂದು ಮೂರು ಸಲ ನಿಮ್ಮ ಅಂಗಳಕ್ಕೆ ಬಂದಿದ್ದೆ. ಮೊದಲ ಸಲ ಮೊಸರಿಗೆ ಹೆಪ್ಪು ಕೇಳಿಕೊಂಡು ಹೋದೆ. ಎರಡನೇ ಸಲ ಮೊರ ಕೇಳಿಕೊಂಡು ಹೋದೆ. ಮೂರನೇ ಸಲ ನೀವೇ, "ಏನಮ್ಮಾ ಜ್ಯೋತಮ್ಮ, ಇವತ್ತೇನ್ ಬೇಕಾಗಿತ್ತು?" ಅಂದಿರಿ. ಏನೂ ಇಲ್ಲ ಅಂದು ವಾಪಸು ಬಂದೆ. ಆ ಮೊರ ಈಗಲೂ ನಮ್ಮ ಮನೆಯಲ್ಲೇ ಇದೆ, ಅದನ್ನು ಹಿಂದಿರುಗಿಸಲು ಬಂದರೆ ಮತ್ತೆ ನಿಮ್ಮ ಮುಖ ನೋಡಬೇಕಲ್ಲ ಎಂದು ಕೊಟ್ಟಿಲ್ಲ.

ಈಗ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೇನೆ. ಪಕ್ಕದ ಅಂಗಡಿಯಲ್ಲಿ ಮಕ್ಕಳ ನೋಟ್‌ಬುಕ್ಕು ಕೊಂಡು ಅದರ ಹಾಳೆ ಹರಿದು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರದ ಬಸ್ಸು ಎರಡು ಹೋದವು. ಹತ್ತಲು ಎದ್ದೆ, ಮತ್ತೆ ಕೂತೆ. ಕಂಡಕ್ಟರು, "ಬರ್ತೀರೇನಮ್ಮಾ, ಇಲ್ಲಾ ಸುಮ್ನೆ ಎದ್ದು ಕೂರ್ತಿದ್ದೀರಾ?" ಎಂದು ಕೇಳಿಯೂ ಆಯಿತು. ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಒಂದು ಮಿಷನ್ನು ಬೇಕೋ ಬೇಡವೋ ಎಂದು ಇಲ್ಲಿಯವರಿಗೆ ನಾನು ಫೋನು ಮಾಡಿ ಹೇಳಬೇಕು. ಆದರೆ ಮಿಷನ್ನಿನ ಮಾತಿಗೆ ಮೊದಲು ನಿಮಗೆ ಹೇಳಬೇಕಾದದ್ದು ಇನ್ನೊಂದಿದೆ. ಅದನ್ನು ಹೇಳಲಾರದೆಯೇ ಮಿಷನ್ನು ಮಿಷನ್ನು ಎಂದು ಊರೂರು ಸುತ್ತಿದೆನೋ ಏನೋ.

ನನ್ನ ಕೆಲಸ ನೀವು ನೋಡಿದ್ದೇ. ಶಿಡ್ಲಘಟ್ಟದ ಪ್ರೆಸ್ಸಿನವರು ಅಚ್ಚು ಹಾಕಿ ಕೊಟ್ಟ ಹಾಳೆಯ ಬೆನ್ನಿಗೆ ಗೋಂದು ಸವರಿ, ಒಣಗಿಸಿ, ಲೇಬಲ್ ಕತ್ತರಿಸುವುದು. ಬ್ರಷ್ಷಿನಲ್ಲಿ ಸವರಿ ಸವರಿ ಮೊಣಕೈ ಬಿದ್ದುಹೋಗಿತ್ತು. ಹೋದ ವರ್ಷ ಚಿಕ್ಕಬಳ್ಳಾಪುರದ ದ್ರಾಕ್ಷಿ ಮಂಡಿಯವರು, ಪೆಟ್ಟಿಗೆಗಳಿಗೆ ಅಂಟಿಸುವ ಲೇಬಲ್ ಬೇಕು, ತೇವಕ್ಕೂ ಬಿಡಬಾರದು ಎಂದರು. ನೀರಿನ ಗೋಂದು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಯಾರೋ ರಬ್ಬರ್ ಸಲ್ಯೂಷನ್ ಹೇಳಿದರು, ಸೈಕಲ್ ಪಂಚರ್ ಅಂಗಡಿಯಲ್ಲಿ ವಾಸನೆ ಬರುತ್ತದಲ್ಲ, ಅದೇ. ಥಿನ್ನರ್ ಹಾಕಿ ತೆಳ್ಳಗೆ ಮಾಡಿಕೊಂಡರೆ ಬ್ರಷ್ಷಿಗೂ ಬರುತ್ತದೆ ಎಂದರು. ಹೋದ ಕಾರ್ತಿಕದಲ್ಲಿ ಒಂದು ಡಬ್ಬಿ ತಂದು, ಇನ್ನೂರು ಹಾಳೆಗೆ ಸವರಿ, ಶೆಡ್ಡಿನೊಳಗೆ ದಾರ ಕಟ್ಟಿ ಒಣಗಲು ನೇತುಹಾಕಿದೆ.

ಕಾರ್ತಿಕ ಎಂದೊಡನೆ ನಿಮಗೆ ನೆನಪಾಗಿರುತ್ತದೆ. ಆಗ ನಿಮ್ಮ ರೇಷ್ಮೆ ಹುಳುಗಳು ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ತಿನ್ನುತ್ತಿದ್ದವು. ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ, ಚಂದ್ರಿಕೆಗೆ ಹತ್ತಿ ಗೂಡು ಕಟ್ಟಬೇಕಾಗಿದ್ದ ಹುಳು. ನಿಮ್ಮ ತೋಟದ ಸೊಪ್ಪು ಸಾಲದೆ ಆಂಜನಪ್ಪಣ್ಣನ ತೋಟದಿಂದ ತರಿಸಿ ಹಾಕಿದ್ದಿರಿ. ನಾನು ಹಾಳೆ ನೇತುಹಾಕಿದ ಮರುದಿನ ಬೆಳಗ್ಗೆ ನೀವು ಬಾಗಿಲಲ್ಲೇ ಕುಸಿದು ಕೂತದ್ದನ್ನು ನೋಡಿದೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ಆಡಿಸುತ್ತಾ ಹಸಿರು ಕಕ್ಕುತ್ತಿದ್ದವು. ಸಂಜೆಯೊಳಗೆ ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದೆವು. ಗುಂಡಿ ತೋಡುವುದಕ್ಕೆ ನಾನೂ ಬಂದಿದ್ದೆ, ದೊಡ್ಡಮ್ಮ. ಸನಿಕೆ ಹಿಡಿದು ಮಣ್ಣೆಳೆದೆ.

ಔಷಧಿ ಹೊಡೆದ ಸೊಪ್ಪು ತಿಂದರೆ ಹುಳು ಹಾಗೇ ಸಾಯುತ್ತದೆ ಎಂದು ಊರಿಗೆಲ್ಲ ಗೊತ್ತು. ಆದ್ದರಿಂದ ಎಲ್ಲರ ಕಣ್ಣೂ ಆಂಜನಪ್ಪಣ್ಣನ ಮೇಲೆ ಹೋಯಿತು. ಅವರು ಓಡಿ ಬಂದು, "ಅಕ್ಕಾ, ದೇವರಾಣೆಗೂ ತೋಟಕ್ಕೆ ಔಷಧಿ ಸೋಕಿಸಿಲ್ಲ ಕಣಕ್ಕಾ" ಎಂದರು. ನೀವು ಎದ್ದು ನಿಂತು, "ಇನ್ನ ನನ್ನ ಅಂಗಳ ತುಳೀಬೇಡ ಕಣಪ್ಪಾ" ಎಂದಿರಿ. ಜಗಳವಾಡಿದ್ದರೆ ಅವರೂ ಎದುರು ಮಾತಾಡುತ್ತಿದ್ದರೇನೋ. ನೀವು ಮೆಲ್ಲಗೆ ಹೇಳಿದಿರಿ, ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು. ಒಡಹುಟ್ಟಿದವರಲ್ಲದಿದ್ದರೂ ಪ್ರತಿ ಗೌರಿ ಹಬ್ಬಕ್ಕೆ ನಿಮಗೆ ಬಾಗಿನ ತರುತ್ತಿದ್ದವರು. ನಗರಗೆರೆಯಿಂದ ನಿಮ್ಮ ಮಗಳು ಬರೆದ ಕಾಗದಗಳನ್ನೆಲ್ಲ ನಿಮ್ಮ ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದವರು.

ಹುಳು ಸತ್ತದ್ದು ಆ ಸೊಪ್ಪಿನಿಂದಲ್ಲ, ದೊಡ್ಡಮ್ಮ. ನನ್ನ ಗೋಂದಿನಿಂದ.

ಬರೆದೆ. ಬರೆದು ಎದ್ದು ನೀರು ಕುಡಿದು ಬಂದೆ.

ಬೇಕೆಂದು ಮಾಡಿದ್ದಲ್ಲ ಎಂದು ನಾನು ಹೇಳಬೇಕಾಗಿಲ್ಲ. ನಿಮ್ಮ ಹುಳು ಜ್ವರಕ್ಕೆ ಕೂತರೆ ನಮ್ಮ ಮನೆಯಲ್ಲೂ ಊದುಬತ್ತಿ ಹಚ್ಚುವುದಿಲ್ಲ, ಸಾರಿಗೆ ಒಗ್ಗರಣೆ ಹಾಕುವುದಿಲ್ಲ. ಬೀಡಿ ಸೇದುವ ನೆಂಟರು ಬಂದರೆ ಬೀದಿಯ ಕೊನೆಗೆ ಕಳಿಸುತ್ತೇನೆ. ಮದುವೆಯಾಗಿ ಬಂದ ವರ್ಷವೇ ನೀವು ಕಲಿಸಿದ್ದು. ಅಷ್ಟೆಲ್ಲ ಗೊತ್ತಿದ್ದವಳಿಗೆ ಶೆಡ್ಡಿನ ಗವಾಕ್ಷಿ ನಿಮ್ಮ ಹುಳು ಮನೆಗೇ ತೆರೆದುಕೊಂಡಿದೆ ಎಂಬುದು ಹೊಳೆಯಲಿಲ್ಲ. ಅಡುಗೆಯ ವಾಸನೆ, ಪೂಜೆಯ ವಾಸನೆ ನನಗೆ ವಾಸನೆ. ಕೆಲಸದ ವಾಸನೆ ವಾಸನೆ ಎಂದೇ ಅನ್ನಿಸಿರಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಡಬ್ಬಿ ತೆರೆದೆ. ತಲೆ ಸುತ್ತಿ ಗೋಡೆ ಹಿಡಿದುಕೊಂಡೆ. ಆ ಗವಾಕ್ಷಿಯ ಕೆಳಗೇ ನಿಂತಿದ್ದೆ. ಅಲ್ಲಿಂದ ನಿಮ್ಮ ಖಾಲಿ ತಟ್ಟೆಗಳು ಕಾಣುತ್ತಿದ್ದವು. ಅವತ್ತೇ ನನಗೆ ಗೊತ್ತಾಯಿತು.

ಅವತ್ತೇ ಹೇಳಬಹುದಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಎರಡು ತಿಂಗಳು ಕಳೆದೆ. ಡೈರಿಗೆ ಹಾಲು ಹಾಕಲು ಹೋದಾಗ ಯಾರಾದರೂ ಹುಳು ಎಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅದೇ ಡೈರಿಯ ಮುಂದೆ, "ಆಂಜನಪ್ಪನ ಸೊಪ್ಪು ಮುಟ್ಟಬೇಡ್ರಪ್ಪ" ಎಂದು ಜನ ಹೇಳುವುದನ್ನೂ ಕೇಳಿಸಿಕೊಂಡೆ. ಅವರ ತೋಟದ ಸೊಪ್ಪು ಕೊಯ್ಯುವವರಿಲ್ಲದೆ ಗಿಡದಲ್ಲೇ ಹಣ್ಣಾಗಿ ಉದುರಿತು. ಎಲ್ಲಕ್ಕಿಂತ ನನಗೆ ಚುಚ್ಚುವುದು ಇದು: ಅವರು ಬರುವುದು ನಿಂತ ಮೇಲೆ ನಿಮ್ಮ ಮಗಳ ಕಾಗದ ಓದಲು ನೀವು ನನ್ನನ್ನು ಕರೆದಿರಿ. ಅವರು ಕೂರುತ್ತಿದ್ದ ಜಾಗದಲ್ಲೇ ಕೂತು ಓದಿದೆ. "ಆಂಜನಪ್ಪ ಮಾವ ಹೇಗಿದ್ದಾರೆ?" ಎಂದು ಅವಳು ಕೇಳಿದ್ದ ಸಾಲನ್ನು ಹಾರಿಸಿ ಓದಿದೆ. ಅದೂ ನನ್ನ ತಪ್ಪಿಗೆ ಸೇರಿಸಿಕೊಳ್ಳಿ.

ಇನ್ನು ಮಿಷನ್ನು. ಇಲ್ಲಿ ಮುಚ್ಚಿಹೋದ ಒಂದು ಸ್ಟಿಕ್ಕರ್ ಕಾರ್ಖಾನೆಯ ಹಳೆಯ ಗೋಂದು ಹಚ್ಚುವ ಮಿಷನ್ನು ಮಾರಾಟಕ್ಕಿದೆ. ಹೊಸದನ್ನು ಬೆಂಗಳೂರಿನಲ್ಲಿ ವಿಚಾರಿಸಿ ಬೆಲೆ ಕೇಳಿಯೇ ಹಿಂದಿರುಗಿದ್ದವಳಿಗೆ ಇದು ಕೈಗೆಟಕುವಂತಿತ್ತು. ಬೆಳಗ್ಗೆ ಓಡಿಸಿ ತೋರಿಸಿದರು. ಹಾಳೆ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಒಂದೇ ಸಮನೆ ಗೋಂದು ಹಚ್ಚಿಕೊಂಡು ಬರುತ್ತದೆ. ನಾನು ದಿನವೆಲ್ಲ ಸವರುವುದನ್ನು ಅದು ಕಾಲು ಗಂಟೆಯಲ್ಲಿ ಮುಗಿಸಿತು. ಬೆರಳಿಟ್ಟು ನೋಡಿದೆ, ಎಲ್ಲೂ ದಪ್ಪ ತೆಳು ಇಲ್ಲ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕೆ ಹಾಕುವುದು ಅದೇ ಥಿನ್ನರಿನ ಗೋಂದು. ಅದೇ ವಾಸನೆ. ಸೆರಗು ಮೂಗಿಗೆ ಹಿಡಿದು ಹೊರಗೆ ಬಂದೆ. ಮಾರುವವರು ಹಿಂದೆಯೇ ಬಂದು ನಕ್ಕರು. "ಎರಡು ದಿನ ಹಾಗನ್ಸುತ್ತೆ ಮೇಡಂ, ಆಮೇಲೆ ಮೂಗಿಗೆ ಅಭ್ಯಾಸ ಆಗ್ಬಿಡುತ್ತೆ" ಎಂದರು.

ಆ ಮಾತು ಕೇಳಿದಾಗಿನಿಂದ ನನಗೆ ಕೂರಲಾಗುತ್ತಿಲ್ಲ. ಅವರು ಹೇಳಿದ್ದು ನಿಜ, ದೊಡ್ಡಮ್ಮ. ಅಭ್ಯಾಸವಾಗುತ್ತದೆ. ಆಂಜನಪ್ಪಣ್ಣ ನಮ್ಮ ಬೀದಿಗೆ ಬಾರದೆ ಕೆರೆ ಏರಿಯ ಮೇಲೆ ಬಳಸಿಕೊಂಡು ಹೋಗುವುದನ್ನು ನೋಡಿ ಮೊದಲ ವಾರ ಅನ್ನ ಸೇರಲಿಲ್ಲ. ಈಚೆಗೆ ಸೇರುತ್ತಿತ್ತು.

ಹೋದ ವಾರ ಚಿಂತಾಮಣಿಗೆ ಹೋಗಿದ್ದೆ. ಅಲ್ಲಿ ಕಾಗದದ ಕವರು ಮಾಡುವ ಕನಕರಾಜ್ ಎಂಬುವವರು ಕೈಯಲ್ಲಿ ತಿರುಗಿಸುವ ರೋಲರ್ ಮಿಷನ್ನು ಇಟ್ಟುಕೊಂಡಿದ್ದಾರೆ. ಕೆಳಗಿನ ತೊಟ್ಟಿಯಲ್ಲಿ ನೀರಿನ ಗೋಂದು, ಅದರಲ್ಲಿ ಅರ್ಧ ಮುಳುಗಿ ತಿರುಗುವ ರಬ್ಬರ್ ಉರುಳೆ, ಅಷ್ಟೇ. ನಾನು ಅದರ ವೇಗ ಕೇಳಿದೆ, ಅಗಲ ಕೇಳಿದೆ. ಅವರು, "ಅವೆಲ್ಲ ಆಮೇಲೆ ಕೇಳಮ್ಮ. ಸಾಯಂಕಾಲದವರೆಗೂ ಇರು, ಮಿಷನ್ನು ತೊಳೆಯೋದು ನೋಡ್ಕೊಂಡು ಹೋಗು. ತೊಳೆಯೋಕೆ ಏನು ಬೇಕು ಅನ್ನೋದ್ರ ಮೇಲೆ ಮಿಷನ್ನು ತಗೋಬೇಕು" ಎಂದರು. ಇದ್ದು ನೋಡಿದೆ. ಎರಡು ಬಕೆಟ್ ನೀರು, ಒಂದು ಹಳೇ ಬಟ್ಟೆ. ತೊಳೆದ ನೀರನ್ನು ಕನಕಾಂಬರ ಗಿಡದ ಬುಡಕ್ಕೆ ಸುರಿದರು. ಕನಕರಾಜ್ ಅವರ ಹತ್ತಿರ ಮಾರಲು ಅಂಥದೇ ಇನ್ನೊಂದು ಹಳೆಯದಿದೆ, ಇಲ್ಲಿಯದಕ್ಕಿಂತಲೂ ಅಗ್ಗ. ನಿಧಾನ, ಮಳೆಗಾಲದಲ್ಲಿ ಹಾಳೆ ಬೇಗ ಒಣಗುವುದಿಲ್ಲ, ದ್ರಾಕ್ಷಿ ಪೆಟ್ಟಿಗೆಗಂತೂ ಆಗುವುದೇ ಇಲ್ಲ.

ಅಲ್ಲೇ ತೀರ್ಮಾನ ಮಾಡಬಹುದಿತ್ತು. ಆದರೂ ಇಲ್ಲಿಗೆ ಬಂದೆ. ಗವಾಕ್ಷಿಗೆ ಇಟ್ಟಿಗೆ ಕಟ್ಟಿಸಿದರೆ ಹೇಗೆ, ನಿಮ್ಮ ಹುಳು ಇಲ್ಲದ ದಿನಗಳಲ್ಲಿ ಮಾತ್ರ ಓಡಿಸಿದರೆ ಹೇಗೆ ಎಂದು ಬಸ್ಸಿನುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ತಪ್ಪು ಗೊತ್ತಿದ್ದೂ ದಾರಿ ಹುಡುಕುವ ಬುದ್ಧಿ ನನ್ನದು. ಒಂದು ವೇಳೆ ಅದನ್ನು ತಂದರೆ ಗೋಡೆಯಾಚೆ ಹುಳು ಸತ್ತಾಗಲೆಲ್ಲ ನಾನು ಯಾರದೋ ಸೊಪ್ಪಿನ ಕಡೆ ಬೆರಳು ತೋರಿಸಬೇಕಾಗುತ್ತದೆ. ನಾಳೆ ಫೋನು ಮಾಡಿ ಬೇಡ ಎನ್ನುತ್ತೇನೆ. ದ್ರಾಕ್ಷಿ ಮಂಡಿಯವರಿಗೂ ಬೇರೆ ಕಡೆ ನೋಡಿಕೊಳ್ಳಿ ಎನ್ನುತ್ತೇನೆ. ಅದನ್ನು ಬರೆಯುವಾಗ ಹೊಟ್ಟೆ ಉರಿಯಿತು, ಉರಿಯಲಿ. ಈ ಕವರಿನ ಬಾಯಿಗೆ ಹಚ್ಚಿರುವುದು ಕನಕರಾಜ್ ಅವರು ಹೋದ ವಾರ ನೋಡಲೆಂದು ಕೊಟ್ಟ ನೀರಿನ ಗೋಂದು. ಮೂಸಿ ನೋಡಿ. ಹುಳು ಮನೆಯೊಳಗೆ ಇಟ್ಟರೂ ಏನೂ ಆಗುವುದಿಲ್ಲ.

ಇಲ್ಲಿಂದ ನಾನು ನೇರ ಚಿಂತಾಮಣಿಗೆ ಹೋಗುತ್ತೇನೆ. ಆ ಮಿಷನ್ನಿನ ಕೆಲಸ ಕಲಿತು ಸೋಮವಾರ ಊರಿಗೆ ಬರುತ್ತೇನೆ. ತಾನು ಎದುರಿಗಿಲ್ಲದ ಹೊತ್ತು ನೋಡಿ ಹೇಳುತ್ತಿದ್ದಾಳೆ, ಹೇಡಿ ಎನ್ನಿ, ಒಪ್ಪಿಕೊಳ್ಳುತ್ತೇನೆ. ಆದರೆ ಸೋಮವಾರ ಮನೆಗೆ ಬರುವ ಮೊದಲು ಡೈರಿಯ ಮುಂದೆ ಇಳಿಯುತ್ತೇನೆ. ಹಾಲು ಹಾಕಲು ಬಂದವರೆಲ್ಲರ ಎದುರಿಗೆ ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನಿಮ್ಮ ಅಂಗಳಕ್ಕೆ ಬರುತ್ತೇನೆ. ನನಗೂ ತುಳಿಯಬೇಡ ಎಂದರೆ ಮೊರವನ್ನು ಗೇಟಿನ ಹತ್ತಿರ ಇಟ್ಟು ಹೋಗುತ್ತೇನೆ. ಮುಂದಿನ ಬೆಳೆಗೆ ಸೊಪ್ಪು ಕೊಯ್ಯಲು ಬಾ ಎಂದರೆ ನಾಲ್ಕನೇ ಜ್ವರ ಏಳುವ ದಿನದಿಂದ ನಿಮ್ಮ ಜೊತೆಗಿರುತ್ತೇನೆ.

ನಾನು ಊರಲ್ಲಿಲ್ಲದ ಮೇಲೆ ಈ ಕಾಗದವನ್ನು ನಿಮಗೆ ಯಾರು ಓದಿ ಹೇಳಬೇಕು ಎಂದು ಯೋಚಿಸಿಯೇ ಕವರಿನ ಮೇಲೆ ನಿಮ್ಮ ಹೆಸರಿನ ಕೆಳಗೆ ಹಳೆಯ ಹಾಗೆ "ಕೇರಾಫ್ ಆಂಜನಪ್ಪ" ಎಂದು ಬರೆಯುತ್ತೇನೆ. ಬೇರೆಯವರ ಕಾಗದ ಒಡೆಯುವ ಮನುಷ್ಯ ಅವರಲ್ಲ, ಕೊಡದೆ ಇಟ್ಟುಕೊಳ್ಳುವವರೂ ಅಲ್ಲ. ಅಂಗಳದ ಹೊರಗೆ ನಿಂತು ಕೂಗಿರುತ್ತಾರೆ. ಮಗಳ ಕಾಗದ ಇರಬಹುದೆಂದು ನೀವೂ ಓದಿಸಿರುತ್ತೀರಿ.

ಆಂಜನಪ್ಪಣ್ಣ, ಇಲ್ಲಿಯವರೆಗೆ ನಿಲ್ಲಿಸದೆ ಓದಿದ್ದರೆ ಸಾಕು. ಇನ್ನು ಓದಬೇಡಿ, ಕೂತುಕೊಳ್ಳಿ.

ದೊಡ್ಡಮ್ಮ, ಅವರು ಇನ್ನೂ ಅಂಗಳದ ಹೊರಗೇ ನಿಂತಿದ್ದರೆ ಒಳಗೆ ಕರೆದು ಒಂದು ಚೊಂಬು ನೀರು ಕೊಡಿ. ಜಗಲಿಯ ಮೇಲೆ ಅವರ ಜಾಗ ಹಾಗೇ ಇದೆ, ನಾನು ಎದ್ದಿದ್ದೇನೆ.

ನಿಮ್ಮ ಹುಳುಗಳೆಲ್ಲ ಹಣ್ಣಾಗಿ ಚಂದ್ರಿಕೆ ತುಂಬಲಿ ಎಂದು ಬೇಡಿಕೊಳ್ಳುವ,

ಗೋಡೆಯಾಚೆಯ
ಜ್ಯೋತಿಲಕ್ಷ್ಮಿ