ದೀಪಕ್ಕೆ ಟೋಪಿ ಕೇಳಿದ ತಪ್ಪಿಗೆ

ಬೀದಿದೀಪಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಸುಳಕೂಡದ ನಮ್ಮ ಓಣಿಯ ದೀಪಕ್ಕೆ ನಾನು ಕೇಳಿದ್ದು ಟೋಪಿ. ತಾವು ತಲೆಯನ್ನೇ ತೆಗೆದಿರಿ. ಬೆಳಕು ಆಕಾಶಕ್ಕೆ ಚೆಲ್ಲದೆ ರಸ್ತೆಗೆ ಮಾತ್ರ ಬೀಳುವಂತೆ ಮೇಲೊಂದು ತಗಡು ಹೊದಿಸಿ ಎಂದು ಅರ್ಜಿ ಕೊಟ್ಟಿದ್ದೆ. ಚರಂಡಿ ಮುಚ್ಚುವ ಬಗ್ಗೆ ವರ್ಷಗಟ್ಟಲೆ ಚಿಂತನೆ ನಡೆಸುವ ತಮ್ಮ ಕಚೇರಿ, ಇದೊಂದಕ್ಕೆ ಮಾತ್ರ ಓಡೋಡಿ ಬಂದು ದೀಪವನ್ನೇ ಬಿಚ್ಚಿಕೊಂಡು ಹೋಯಿತು. "ತುಮಚೀ ತಕ್ರಾರ ಮಿಟಲೀ, ಪಾವ್ಣಂ," ಎಂದು ಲೈನ್‌ಮನ್ ಕೈಮುಗಿದ. ನಿಮ್ಮ ತಕರಾರು ಮುಗಿಯಿತು ಬೀಗರೇ, ಅಂತೆ! ಮರಾಠಿ ಅರ್ಜಿ ತಮಗೆ ತಿಳಿಯಲಿಲ್ಲವೆಂದು ಈ ಸಲ ಗಡಿಯೂರಿನ ನಮ್ಮ ತಾಯ್ನುಡಿ ಕನ್ನಡದಲ್ಲಿ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಪಕ್ಕದ ಪೇಟೆ ಇಚಲಕರಂಜಿಯಲ್ಲಿ ಮದುವೆ ಫೋಟೋ ತೆಗೆದು ಬದುಕುವವನು. ವರ ಕಣ್ಣು ಮುಚ್ಚಿದ ಫೋಟೋವನ್ನೂ ಆಲ್ಬಮ್ಮಿಗೆ ಸೇರಿಸುವಷ್ಟು ಉದಾರಿ. ಆದರೆ ಹಿತ್ತಲಿನ ದೂರದರ್ಶಕದ ಮುಂದೆ ಕೂತರೆ ನನ್ನಂಥ ಹಟಮಾರಿ ಇನ್ನೊಬ್ಬನಿಲ್ಲ. ನೆಪ್ಚೂನ್ ಗ್ರಹದ ಚಂದ್ರ ಟ್ರೈಟನ್‌ನನ್ನು ಸೆರೆಹಿಡಿಯುವುದು ನನ್ನ ಹುಚ್ಚು. ಗ್ರಹವೇ ಬರಿಗಣ್ಣಿಗೆ ಕಾಣದು, ಇನ್ನು ಅದರ ಚಂದ್ರನ ಪಾಡೇನು? ಮೊದಲ ಸಲ ಸಿಕ್ಕಿತೆಂದು ಓಣಿಗೆಲ್ಲ ಪೇಢೆ ಹಂಚಿದೆ. ಹೆಂಡತಿ ಸಾರಿಕಾ ಫೋಟೋ ದಿಟ್ಟಿಸಿ, "ಈ ಚುಕ್ಕಿ ನಿನ್ನಿ ಮದುಮಗನ ಮೂಗಿನ ಮ್ಯಾಲೂ ಇತ್ತಲ್ರಿ?" ಎಂದಳು. ಹೌದು, ಅದು ಚಂದ್ರನಲ್ಲ, ನನ್ನ ಕ್ಯಾಮೆರಾದ ದೋಷ. ಪೇಢೆ ವಾಪಸ್ ಕೇಳುವ ಹಾಗಿರಲಿಲ್ಲ.

ದೀಪ ಹೋದ ಸಂಜೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹಿತ್ತಲಲ್ಲಿ ಕುಣಿದೆ. ಅಂಥ ಕಪ್ಪು ಆಕಾಶ ನಮ್ಮ ಮನೆ ಮೇಲೆ ಬಂದು ಎಷ್ಟು ದಿನವಾಗಿತ್ತೋ! ಕ್ಯಾಮೆರಾ ಚಿತ್ರದ ಮೇಲೆ ಚಿತ್ರ ತೆಗೆಯುತ್ತಿತ್ತು. ನೀಲಿ ಮಣಿಯಂಥ ಗ್ರಹದ ಪಕ್ಕದಲ್ಲಿ ಮಸುಕಾದ ಚುಕ್ಕೆಯೊಂದು ಮೂಡಿತು. ಈ ಸಲ ಯಾರ ಮೂಗಿನ ಮೇಲಿನದೂ ಅಲ್ಲ, ನಿಜವಾದ ಟ್ರೈಟನ್. ಅಷ್ಟರಲ್ಲಿ ರಸ್ತೆಯಿಂದ ಚೀರಿದ ಸದ್ದು ಕೇಳಿಸಿತು.

ಓಡಿದೆ. ನೆರೆಮನೆಯ ಬೀರವ್ವನ ಮಗಳು ಕಾಜಲ, ಇಚಲಕರಂಜಿಯ ಹೊಲಿಗೆ ಕೆಲಸ ಮುಗಿಸಿ ಬಸ್ಸಿಳಿದು ಬರುತ್ತಿದ್ದವಳು, ಕತ್ತಲಲ್ಲಿ ತೆರೆದ ಚರಂಡಿಗೆ ಬಿದ್ದಿದ್ದಳು. ಬೀರವ್ವ ಕುರಿಹಟ್ಟಿ ಬಿಟ್ಟು ಬಂದಳು. ಇಬ್ಬರೂ ಸೇರಿ ಎತ್ತಿದೆವು. ಪಾದದ ಎಲುಬು ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಬೀರವ್ವ ಬೈಯಲಿಲ್ಲ, ಅಳಲಿಲ್ಲ.

"ಮಲ್ಲಾರಿ, ನಿನ್ನ ಚಂದ್ರ ಸಿಕ್ಕನೇನಪಾ?" ಎಂದಳು.

ನಾನು ಎದ್ದು, ಔಷಧಿ ಚೀಟಿ ಹಿಡಿದು ಅಂಗಡಿಗೆ ನಡೆದೆ.

ಮಾನ್ಯರೇ, ರಸ್ತೆಗೆ ಬೆಳಕು, ಆಕಾಶಕ್ಕೆ ಕತ್ತಲು: ಇವೆರಡನ್ನೂ ಒಂದೇ ತಗಡು ಕೊಡುತ್ತಿತ್ತಲ್ಲವೇ? ಅರ್ಜಿಯನ್ನು ಕೊನೆಯ ಸಾಲಿನವರೆಗೆ ಓದುವುದು ಟ್ರೈಟನ್ ಹುಡುಕುವುದಕ್ಕಿಂತ ಕಷ್ಟವೇ?

ಮೊನ್ನೆ ಧೈರ್ಯ ಮಾಡಿ ಆ ಫೋಟೋ ಹಿಡಿದು ಕಾಜಲಳನ್ನು ನೋಡಲು ಹೋದೆ. ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡೇ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಕಾಕಾ, ಅಲ್ಲಿಂದ ನಮ್ಮ ಓಣಿ ದೀಪ ಕಾಣ್ತೈತೇನ್ರಿ?"

"ಇಲ್ಲವ್ವ. ಅದು ಭಾಳ ದೂರ."

"ಮತ್ತ ಮ್ಯಾಲ ಯಾಕ್ರಿ ಬೆಳಕು? ನಮಗ ಕಾಣೂಹಂಗ ಹಾಕಸ್ರಿ."

ಇದೇ ನನ್ನ ಬೇಡಿಕೆ. ಅವಳು ಮತ್ತೆ ಕೆಲಸಕ್ಕೆ ಹೊರಡುವ ಮೊದಲು ದೀಪ ಮರಳಬೇಕು, ತಗಡಿನ ಸಮೇತ. ಚರಂಡಿಗೆ ಕಲ್ಲು ಬೀಳಬೇಕು. ಅಲ್ಲಿಯವರೆಗೆ ದೂರದರ್ಶಕಕ್ಕೆ ಗೋಣಿ ಹೊದಿಸಿ, ಸಂಜೆಯ ಬಸ್ಸು ಬರುವ ಹೊತ್ತಿಗೆ ಬ್ಯಾಟರಿ ಹಿಡಿದು ಚರಂಡಿಯ ಪಕ್ಕ ನಾನೇ ನಿಲ್ಲುತ್ತೇನೆ.

ಇಂತಿ,
ಸದ್ಯಕ್ಕೆ ಸುಳಕೂಡದ ಏಕೈಕ ಬೀದಿದೀಪ,
ಮಲ್ಲಾರಿ